ಒಂದೇ ಸಾಮು, ನಾಲ್ಕು ಅಳತೆ

ಬೆಳಗಾವಿಯ ಖಾಸಬಾಗದ ಓಣಿಗಳಲ್ಲಿ ಬೆಳಗಾಗುತ್ತಿದ್ದಂತೆಯೇ ಮಗ್ಗಗಳ ಸದ್ದು ಕೇಳತೊಡಗುತ್ತದೆ. ಶಹಾಪುರ, ವಡಗಾವಿಗಳೊಡನೆ ಬೆಸೆದುಕೊಂಡಿರುವ ಈ ಭಾಗ ಮೊದಲಿನಿಂದಲೂ ನೇಕಾರರದು. ಖಾಸಬಾಗ ಎಂದೊಡನೆ ಹೊರಗಿನ ಕೆಲವರಿಗೆ ಕೊಲ್ಹಾಪುರದ ಕುಸ್ತಿ ಮೈದಾನ ನೆನಪಾಗುವುದುಂಟು. ಶಾಹೂ ಮಹಾರಾಜರ ಕಾಲದಲ್ಲಿ, 1912ರಲ್ಲಿ ಆರಂಭವಾದ ಆ ಮೈದಾನದ ಹೆಸರೂ ಇದೇ. ಅಲ್ಲಿಯದು ಪೈಲವಾನರ ಖಾಸಬಾಗ, ನಮ್ಮದು ನೇಕಾರರ ಖಾಸಬಾಗ ಎಂದು ನಾವು ನಗೆಯಾಡುತ್ತಿದ್ದೆವು. ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಮನೆಯ ನೇಕಾರನೊಬ್ಬ ಪೈಲವಾನನಾಗಲು ಹೊರಟು ಆಸ್ಪತ್ರೆಯ ಹಾಸಿಗೆ ಹಿಡಿದ ಮೇಲೆ ಆ ನಗೆ ನಿಂತಿತು.

ಅವನು ನನ್ನ ತಮ್ಮ. ವಯಸ್ಸು ನಲವತ್ತೆಂಟು. ಇಪ್ಪತ್ತೈದು ವರ್ಷಗಳಿಂದ ವಿದ್ಯುತ್ ಮಗ್ಗಗಳ ನಡುವೆ ನಿಂತು ದುಡಿದವನು. ಮೈಯಲ್ಲಿ ಬೊಜ್ಜು ಕಡಿಮೆ, ಆದರೆ ಮಹಡಿಯ ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತಿತ್ತು. ಕಾಲೇಜಿನಲ್ಲಿ ಕಬಡ್ಡಿ ಆಡುವ ಅವನ ಮಗ ಒಂದು ಹೊಸ ಬಗೆಯ ವ್ಯಾಯಾಮಶಾಲೆಗೆ ಹೋಗುತ್ತಿದ್ದ. ಮಗನ ಹುರುಪು ಕಂಡು ತಂದೆಯೂ ಒಂದು ದಿನ ಜೊತೆಗೆ ಹೋದ. ಅಂದಿನ ಪಾಠ ಹೀಗಿತ್ತು: ಅಡ್ಡಸರಳಿಗೆ ಜೋತುಬಿದ್ದು ಮೈಯನ್ನು ಮೇಲೆಳೆದುಕೊಳ್ಳುವುದು ಐದು, ನೆಲದ ದಂಡ ಹತ್ತು, ಬೈಠಕ ಹದಿನೈದು. ಇದು ಒಂದು ಸುತ್ತು. ಇಪ್ಪತ್ತು ನಿಮಿಷಗಳಲ್ಲಿ ಎಷ್ಟು ಸುತ್ತು ಸಾಧ್ಯವೋ ಅಷ್ಟು. ಸರಳಿಗೆ ಜೋತು ಬೀಳಲು ತಮ್ಮನಿಗೆ ಬಾರದೆಂದು ಅಲ್ಲಿಯವರು ಸರಳಿಗೆ ರಬ್ಬರಿನ ಪಟ್ಟಿ ಕಟ್ಟಿ, ಅದರ ಆಸರೆಯಲ್ಲಿ ಏರಿ ಇಳಿಯಲು ಹೇಳಿದರು. ಸುತ್ತಲೂ ಇಪ್ಪತ್ತರ ಹುಡುಗರು, ಎದುರಿಗೆ ಮಗ, ಗೋಡೆಯ ಮೇಲೆ ಓಡುವ ಗಡಿಯಾರ. ತಮ್ಮ ಹನ್ನೆರಡು ಸುತ್ತು ಮುಗಿಸಿದ. ಲೆಕ್ಕ ಹಾಕಿದರೆ ಅರವತ್ತು ಏರಿಳಿತ, ನೂರಾಇಪ್ಪತ್ತು ದಂಡ, ನೂರಾಎಂಬತ್ತು ಬೈಠಕ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

ಮೂರನೆಯ ದಿನ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು ನಿಂತ. "ಅಣ್ಣಾ, ತೋಳ ಮ್ಯಾಲ ಎತ್ತಾಕ ಬರವಲ್ದು. ಉಚ್ಚಿ ಕರೀ ಚಾದಂಗ ಆಗೇತಿ" ಎಂದ. ತೋಳುಗಳು ಬಾತುಕೊಂಡಿದ್ದವು. ಆಸ್ಪತ್ರೆಗೆ ಕರೆದೊಯ್ದೆವು. ಅತಿಯಾದ ಶ್ರಮದಿಂದ ಸ್ನಾಯುಗಳ ತಂತುಗಳು ಒಡೆದು, ಅವುಗಳೊಳಗಿನ ದ್ರವ್ಯ ರಕ್ತಕ್ಕೆ ಸೇರಿದೆ, ಮೂತ್ರಪಿಂಡಗಳು ಅದನ್ನು ಸೋಸಲಾರದೆ ಬಳಲುತ್ತಿವೆ ಎಂದು ವೈದ್ಯರು ವಿವರಿಸಿದರು. ರಾಬ್ಡೊಮಯೊಲಿಸಿಸ್ ಎಂಬುದು ಅದರ ಹೆಸರು. ರಕ್ತನಾಳದ ಮೂಲಕ ಸಲೈನ್, ಸಂಪೂರ್ಣ ವಿಶ್ರಾಂತಿ, ದಿನವೂ ರಕ್ತಪರೀಕ್ಷೆ. ನಾಲ್ಕು ದಿನ ಮಗ್ಗ ನಿಂತಿತು. ದೇವರ ದಯೆಯಿಂದ ಮೂತ್ರಪಿಂಡಗಳಿಗೆ ಕಾಯಂ ಹಾನಿಯಾಗಲಿಲ್ಲ. ಇನ್ನೂ ಎರಡು ದಿನ ತಡಮಾಡಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಯಲು ನನಗೆ ಈಗಲೂ ಮನಸ್ಸಾಗುವುದಿಲ್ಲ.

ನಾನು ಮೂವತ್ತು ವರ್ಷ ದೈಹಿಕ ಶಿಕ್ಷಣದ ಮಾಸ್ತರನಾಗಿದ್ದವನು. ನನ್ನ ಮನೆಯಲ್ಲಿಯೇ ಹೀಗಾಯಿತಲ್ಲ ಎಂಬ ಸಂಕೋಚವೇ ಈ ಲೇಖನಕ್ಕೆ ಪ್ರೇರಣೆ.

ಮೇಲೆ ಹೇಳಿದ ವ್ಯಾಯಾಮ ನಮ್ಮ ಊರಿನವರು ಹುಟ್ಟಿಸಿದ್ದಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಗ್ರೆಗ್ ಗ್ಲಾಸ್ಮನ್ ಎಂಬವರು ರೂಪಿಸಿ, 2000ದ ನಂತರ ಜಗತ್ತಿನೆಲ್ಲೆಡೆ ಹರಡಿದ ಕ್ರಾಸ್‌ಫಿಟ್ ಪದ್ಧತಿಯ ಪಾಠಗಳಲ್ಲಿ ಅದೂ ಒಂದು. ಅದಕ್ಕೆ 'ಸಿಂಡಿ' ಎಂದು ಹೆಣ್ಣಿನ ಹೆಸರಿಟ್ಟಿದ್ದಾರೆ. ಎತ್ತುವುದು, ನೂಕುವುದು, ಎಳೆಯುವುದು, ಕುಳಿತು ಏಳುವುದು, ಹೊರುವುದು ಮೊದಲಾದ ನಿತ್ಯ ಜೀವನದ ಚಲನೆಗಳನ್ನೇ ವೇಗವಾಗಿ, ಬಿಡುವು ಕಡಿಮೆ ಮಾಡಿ ನಡೆಸುವುದು ಈ ಪದ್ಧತಿಯ ತಿರುಳು. ಸ್ವಲ್ಪ ಕಾಲದಲ್ಲಿ ತೀವ್ರ ಶ್ರಮ ಮಾಡುವುದರಿಂದ ಹೃದಯ ಶ್ವಾಸಕೋಶಗಳಿಗೆ ಲಾಭವಿದೆಯೆಂಬುದು ಸುಳ್ಳಲ್ಲ. ಜಪಾನಿನ ಇಜುಮಿ ತಬಾತಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಪ್ಪತ್ತು ಸೆಕೆಂಡು ಶ್ರಮ, ಹತ್ತು ಸೆಕೆಂಡು ಬಿಡುವಿನ ಕ್ರಮ ಅದನ್ನು ತೋರಿಸಿತು. ಆದರೆ ಅಲ್ಲಿ ಸೈಕಲ್ ತುಳಿದವರು ಕಸರತ್ತು ಬಲ್ಲ ತರುಣರು. ಖಾಸಬಾಗದ ನಲವತ್ತೆಂಟರ ನೇಕಾರ ಅಲ್ಲಿರಲಿಲ್ಲ.

ಈ ಪದ್ಧತಿಯ ಜನಕರು ಪ್ರತಿಯೊಂದು ಪಾಠವನ್ನೂ ಮಾಡುವವನ ಶಕ್ತಿಗೆ ಇಳಿಸಿ ಕೊಡಬೇಕೆಂದೇ ಹೇಳಿದ್ದಾರೆ. ಅದಕ್ಕೆ ಅವರು ಸ್ಕೇಲಿಂಗ್ ಎನ್ನುತ್ತಾರೆ. ನಾವು 'ಅಳತೆ ಕಟ್ಟುವುದು' ಎನ್ನೋಣ. ಹೆಸರು ಹೊಸದು, ವಿಚಾರ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಬಸವಾದಿ ಶರಣರು ಕಲ್ಯಾಣದಲ್ಲಿ ಕೂಡುವುದಕ್ಕೆ ಕೆಲವೇ ದಶಕಗಳ ಹಿಂದೆ, ಅದೇ ಕಲ್ಯಾಣದಲ್ಲಿ, ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ವಿಂಗಡಿಸಿ, ಅವರ ಸಾಧನೆ ಹೇಗಿರಬೇಕು, ಆಹಾರವೇನು ಎಂಬುದನ್ನು ಬರೆದಿಡಲಾಗಿತ್ತು. ಸುಶ್ರುತ ಸಂಹಿತೆಯಂತೂ ಇನ್ನೂ ಪ್ರಾಚೀನ. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು. ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರಗಳನ್ನು ನೋಡಿಕೊಂಡು ಮಾಡಬೇಕು. ಉಸಿರು ಬಾಯಿಗೆ ಬಂದಾಗ ಅರ್ಧಬಲ ಮುಗಿಯಿತೆಂದು ತಿಳಿಯಬೇಕು ಎಂಬುದು ಅದರ ತಾತ್ಪರ್ಯ. ವಾಗ್ಭಟನ ಅಷ್ಟಾಂಗಹೃದಯ ಅತಿವ್ಯಾಯಾಮ ಮಾಡುವವನನ್ನು ಆನೆಯನ್ನು ಎಳೆಯಹೋಗಿ ತಾನೇ ನಾಶವಾಗುವ ಸಿಂಹಕ್ಕೆ ಹೋಲಿಸುತ್ತದೆ. ಆಸ್ಪತ್ರೆಯಲ್ಲಿ ತಮ್ಮನ ಪಕ್ಕದಲ್ಲಿ ಕುಳಿತಾಗ ನನಗೆ ನೆನಪಾದದ್ದು ಆ ಸಿಂಹವೇ.

ನಮ್ಮ ಭಾಗದ ತಾಲೀಮುಗಳಲ್ಲಿಯೂ ಈ ವಿವೇಕ ನಡೆದುಕೊಂಡು ಬಂದಿತ್ತು. ನಾನು ಹುಡುಗನಾಗಿದ್ದಾಗ ಹೋಗುತ್ತಿದ್ದ ತಾಲೀಮಿನ ವಸ್ತಾದರು ಹೊಸಬನಿಗೆ ಮೊದಲ ದಿನ ಇಪ್ಪತ್ತಕ್ಕಿಂತ ಹೆಚ್ಚು ಬೈಠಕ ಕೊಡುತ್ತಿರಲಿಲ್ಲ. "ಇನ್ನೂ ಹೊಡೀತೀನಿ" ಎಂದು ಹಾರಾಡುವ ಹುಡುಗನಿಗೆ ಪೊರಕೆ ಕೊಟ್ಟು ಅಂಗಳ ಗುಡಿಸಲು ಕಳಿಸುತ್ತಿದ್ದರು. ಗುಂಡುಕಲ್ಲುಗಳೂ ಸಾಲಾಗಿ ಇರುತ್ತಿದ್ದವು, ಚಿಕ್ಕದರಿಂದ ದೊಡ್ಡದಕ್ಕೆ. ಚಿಕ್ಕದನ್ನು ಎದೆಯವರೆಗೆ ಸಲೀಸಾಗಿ ತಂದವನಿಗೆ ಮಾತ್ರ ಮುಂದಿನದನ್ನು ಮುಟ್ಟುವ ಅಪ್ಪಣೆ. ಗಾಮಾ ಪೈಲವಾನ ದಿನಕ್ಕೆ ಸಾವಿರಾರು ಬೈಠಕ ಹೊಡೆಯುತ್ತಿದ್ದನೆಂಬ ಕಥೆಯನ್ನು ನಾವೆಲ್ಲ ಬಾಯಿ ಬಿಟ್ಟು ಕೇಳುತ್ತಿದ್ದೆವು. ಅವನು ಪೈಲವಾನರ ಮನೆಯಲ್ಲಿ ಹುಟ್ಟಿ, ಬಾಲ್ಯದಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಆ ಸಂಖ್ಯೆಗೆ ಏರಿದನೆಂಬುದನ್ನು ಕಥೆ ಹೇಳುವವರು ಹೇಳುತ್ತಿರಲಿಲ್ಲ.

ಇನ್ನು ಅಳತೆ ಕಟ್ಟುವ ಬಗೆಯನ್ನು ನೋಡೋಣ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಪಾಠದ ಉದ್ದೇಶವೇನು? ಮೇಲಿನ ಪಾಠದಲ್ಲಿ ಎಳೆತ, ನೂಕು, ಕುಳಿತೇಳುವಿಕೆ ಎಂಬ ಮೂರು ಚಲನೆಗಳಿವೆ. ಅವುಗಳನ್ನು ಹೆಚ್ಚು ನಿಲ್ಲದೆ ಒಂದಾದ ಮೇಲೊಂದು ಮಾಡುತ್ತ ಉಸಿರನ್ನು ಏರಿಸಿ, ಅದೇ ಮಟ್ಟದಲ್ಲಿ ಕೆಲಕಾಲ ಕಾಯ್ದುಕೊಳ್ಳುವುದು ಉದ್ದೇಶ. ಆ ಉದ್ದೇಶವನ್ನು ಹಿಡಿದುಕೊಂಡು ಉಳಿದುದನ್ನೆಲ್ಲ ಬದಲಿಸಬಹುದು. ಭಾರ, ಎಣಿಕೆ, ಬಾಗುವ ಆಳ, ಚಲನೆಯ ಬಗೆ, ಒಟ್ಟು ಕಾಲ, ನಡುವಿನ ಬಿಡುವು, ಇವೆಲ್ಲವೂ ನಮ್ಮ ಕೈಯಲ್ಲಿವೆ. ನೇಕಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಣ್ಣ ನೂಲಿನ ಹಾಸಿಗೆ ದಪ್ಪ ನೂಲಿನ ಬಿಗಿ ಕೊಟ್ಟರೆ ಎಳೆಗಳು ಪಟಪಟನೆ ಹರಿಯುತ್ತವೆ. ಬಿಗಿ ಸಡಿಲಿಸಿದರೆಂದು ಸೀರೆಯ ಬೆಲೆ ಕಡಿಮೆಯಾಗುವುದಿಲ್ಲ.

ತಮ್ಮನ ವಿಷಯದಲ್ಲಿ ಆದ ತಪ್ಪು ಸೂಕ್ಷ್ಮವಾದದ್ದು, ಆದ್ದರಿಂದ ಇಲ್ಲಿ ತುಸು ನಿಲ್ಲಬೇಕು. ಅವನಿಗೆ ಅಳತೆ ಕಟ್ಟಿರಲಿಲ್ಲವೆಂದಲ್ಲ. ರಬ್ಬರಿನ ಪಟ್ಟಿ ಕೊಟ್ಟು ಭಾರ ಇಳಿಸಿದ್ದರು. ಎಣಿಕೆಯನ್ನು ಮಾತ್ರ ಇಳಿಸಲಿಲ್ಲ. ಪಟ್ಟಿಯ ಆಸರೆ ಇಲ್ಲದಿದ್ದರೆ ಅವನು ಎರಡನೆಯ ಏರಿಗೇ ಸೋತು ಕೆಳಗಿಳಿಯುತ್ತಿದ್ದ; ದೇಹ ತಾನೇ ಬಾಗಿಲು ಮುಚ್ಚುತ್ತಿತ್ತು. ಆಸರೆ ಸಿಕ್ಕಿದ್ದರಿಂದ ಅರವತ್ತು ಸಲ ಏರಿ ಇಳಿದ. ಸ್ನಾಯು ಭಾರವನ್ನು ಹೊತ್ತುಕೊಂಡೇ ಹಿಗ್ಗುವಾಗ, ಎಂದರೆ ಏರುವಾಗಿಗಿಂತ ಇಳಿಯುವಾಗ, ಅದರ ತಂತುಗಳಿಗೆ ಹೆಚ್ಚು ಪೆಟ್ಟು. ರೂಢಿಯಿಲ್ಲದ ಮೈಗೆ ಅಂಥ ಅರವತ್ತು ಇಳಿತಗಳು ಬಿದ್ದವು. ಆದ್ದರಿಂದ ಚಲನೆಯನ್ನು ಸುಲಭ ಮಾಡಿದ ಮಾತ್ರಕ್ಕೆ ಅಳತೆ ಕಟ್ಟಿದಂತಾಗಲಿಲ್ಲ. ಹೊಸಬನಿಗೆ ಮೊದಲು ಇಳಿಸಬೇಕಾದದ್ದು ಒಟ್ಟು ಎಣಿಕೆಯನ್ನು. ಗಡಿಯಾರವನ್ನು ಹೊಸಬನ ಎದುರಿನಿಂದ ತೆಗೆದುಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ತಮ್ಮ ಚೇತರಿಸಿಕೊಂಡು, ವೈದ್ಯರು ರಕ್ತಪರೀಕ್ಷೆ ನೋಡಿ ಒಪ್ಪಿಗೆ ಕೊಟ್ಟ ಮೇಲೆ, ನಮ್ಮ ಪಡಸಾಲೆಯಲ್ಲಿಯೇ ನಾಲ್ವರಿಗೆ ಅದೇ ಪಾಠವನ್ನು ನಾಲ್ಕು ಅಳತೆಯಲ್ಲಿ ಕಟ್ಟಿದೆ.

ಕಬಡ್ಡಿ ಆಡುವ ಮಗನಿಗೆ ಮೂಲ ಪಾಠವೇ ಇರಲಿ ಎಂದೆ. ಇಪ್ಪತ್ತು ನಿಮಿಷ, ಐದು-ಹತ್ತು-ಹದಿನೈದು. ಅವನಿಗೂ ಒಂದು ಷರತ್ತು. ದಂಡದಲ್ಲಿ ಸೊಂಟ ಜೋತುಬಿದ್ದರೆ, ಬೈಠಕದಲ್ಲಿ ಮೊಣಕಾಲು ಒಳಕ್ಕೆ ಬಾಗಿದರೆ, ಆ ಸುತ್ತು ಅಲ್ಲಿಗೇ ಮುಗಿಯಿತು. ಕೆಟ್ಟ ಭಂಗಿಯ ಇಪ್ಪತ್ತು ಸುತ್ತಿಗಿಂತ ಒಳ್ಳೆಯ ಭಂಗಿಯ ಹದಿನಾಲ್ಕು ಹೆಚ್ಚು.

ತಮ್ಮನಿಗೆ ಸರಳಿನ ಬದಲು ಪಡಸಾಲೆಯ ಕಂಬ. ಗಟ್ಟಿಯಾದ ಪಂಚೆಯನ್ನು ಎದೆಯೆತ್ತರದಲ್ಲಿ ಕಂಬಕ್ಕೆ ಸುತ್ತಿ, ಎರಡು ತುದಿ ಹಿಡಿದು ಹಿಂದಕ್ಕೆ ವಾಲಿ, ಎದೆಯನ್ನು ಕಂಬದತ್ತ ಎಳೆದುಕೊಳ್ಳುವುದು ಐದು ಸಲ. ಪಾದ ಕಂಬಕ್ಕೆ ಹತ್ತಿರವಾದಷ್ಟೂ ಭಾರ ಹೆಚ್ಚು, ದೂರವಾದಷ್ಟೂ ಕಡಿಮೆ. ಕಬ್ಬಿಣದ ತೂಕದ ಗೊಡವೆಯೇ ಇಲ್ಲ. ದಂಡ ನೆಲದ ಮೇಲಲ್ಲ, ಮನೆಯ ಮುಂದಿನ ಕಟ್ಟೆಯ ಮೇಲೆ ಕೈಯಿಟ್ಟು ಐದು. ಬೈಠಕ, ಹಿಂದೆ ಒಂದು ಸ್ಟೂಲು ಇಟ್ಟುಕೊಂಡು ಅದು ತಾಗುವವರೆಗೆ ಕುಳಿತು ಏಳುವುದು ಎಂಟು. ಮೊದಲ ವಾರ ಮೂರೇ ಸುತ್ತು, ನಡುವೆ ಒಂದೊಂದು ನಿಮಿಷ ಬಿಡುವು, ಗಡಿಯಾರವಿಲ್ಲ. ಒಂದು ದಿನ ಮಾಡಿದರೆ ಮರುದಿನ ಬಿಡುವು. ಪ್ರತಿ ಚಲನೆಯಲ್ಲೂ "ಇನ್ನೂ ಮೂರು ಮಾಡಬಲ್ಲೆ" ಎನ್ನಿಸುವಾಗಲೇ ನಿಲ್ಲಬೇಕು. ವಾರಕ್ಕೊಂದು ಸುತ್ತು ಮಾತ್ರ ಏರಿಸಬೇಕು, ಮತ್ತು ಎಣಿಕೆ ಏರಿಸಿದ ವಾರ ಭಾರ ಏರಿಸಬಾರದು.

ತಮ್ಮನ ಹೆಂಡತಿಗೆ ನಲವತ್ಮೂರು, ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಅವಳಿಗೆ ಸ್ಟೂಲಿನ ಬದಲು ಎತ್ತರದ ಕುರ್ಚಿ. ಆಳ ಕಡಿಮೆಯಾದರೆ ಮೊಣಕಾಲಿನ ಮೇಲಿನ ಒತ್ತಡವೂ ಕಡಿಮೆ. ಗೋಡೆಗೆ ಕೈಯೂರಿ ನೂಕುವುದು ಎಂಟು. ಎಳೆತದ ಬದಲು ಎರಡು ಕೈಯಲ್ಲಿ ಎರಡು ಚಿಕ್ಕ ಕೊಡ ಹಿಡಿದು ಅಂಗಳದಲ್ಲಿ ಇಪ್ಪತ್ತು ಹೆಜ್ಜೆ. ಕೊಡದಲ್ಲಿ ನೀರು ಎಷ್ಟಿರಬೇಕೆಂಬುದು ಅವಳ ಇಚ್ಛೆ. ಅದಕ್ಕಿಂತ ಸುಲಭವಾದ ಅಳತೆಗೋಲು ಯಾವ ವ್ಯಾಯಾಮಶಾಲೆಯಲ್ಲಿಯೂ ಇಲ್ಲ. ಸಕ್ಕರೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಶ್ರಮದಿಂದ ಸಕ್ಕರೆ ದಿಢೀರನೆ ಇಳಿಯುವುದುಂಟು. ಆದ್ದರಿಂದ ಖಾಲಿ ಹೊಟ್ಟೆಯಲ್ಲಿ ಮಾಡಬಾರದು, ಕೈಯಳತೆಯಲ್ಲಿ ಒಂದಿಷ್ಟು ಸಕ್ಕರೆಯೋ ಬೆಲ್ಲವೋ ಇರಬೇಕು ಎಂದು ಅವಳ ವೈದ್ಯರೇ ಹೇಳಿಕೊಟ್ಟರು.

ನಮ್ಮ ಅವ್ವನಿಗೆ ಎಪ್ಪತ್ಮೂರು. "ನನಗ್ಯಾಕೋ ಸಾಮು? ಹರೇದಾಗ ಮಗ್ಗಾ ತುಳಿದದ್ದು ಸಾಲದೇನು?" ಎಂದು ಮೊದಲು ಗದರಿದಳು. ಮಂಚದ ಅಂಚಿನಿಂದ ಕೈಯೂರದೆ ಎದ್ದು ನಿಲ್ಲುವುದು ಐದು ಸಲ, ಗೋಡೆಗೆ ನೂಕುವುದು ಐದು, ಅಡಿಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಹತ್ತು, ಕಟ್ಟೆ ಹಿಡಿದೇ ಒಂದು ಕಾಲ ಮೇಲೆ ನಿಂತು ಹತ್ತು ಎಣಿಸುವುದು. ಇಷ್ಟೇ, ಎರಡು ಸುತ್ತು. ಅವಳ ವಯಸ್ಸಿನಲ್ಲಿ ಉಸಿರು ಏರಿಸುವುದಕ್ಕಿಂತ ಬೀಳದೆ ನಿಲ್ಲುವುದು ಮುಖ್ಯ. ಅದಕ್ಕಾಗಿ ಪಾಠದ ಉದ್ದೇಶವನ್ನೇ ತುಸು ತಿರುಗಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಅರವತ್ತೈದು ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನ ಮತ್ತು ಬಲದ ಅಭ್ಯಾಸ ಮಾಡಬೇಕೆನ್ನುತ್ತದೆ. ಉಳಿದ ಪ್ರಾಯದವರಿಗೆ ಅದು ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಇಲ್ಲವೆ 75ರಿಂದ 150 ನಿಮಿಷ ತೀವ್ರ ಶ್ರಮ. ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ಅಭ್ಯಾಸ. ಬಿರುಸಾದ ನಡಿಗೆಯೂ ಸಾಧಾರಣ ಶ್ರಮವೇ ಎಂಬುದನ್ನು ಮರೆಯಬಾರದು. ತೀವ್ರ ವ್ಯಾಯಾಮ ಯಾರಿಗೂ ಕಡ್ಡಾಯವಲ್ಲ.

ಅವ್ವನ ಪ್ರಶ್ನೆಯಲ್ಲಿ ಹುರುಳಿತ್ತು. ಕಾಯಕ ಮಾಡುವ ಮೈಗೆ ಬೇರೆ ವ್ಯಾಯಾಮವೇಕೆ ಎಂದು ನಮ್ಮ ಅನೇಕ ಮನೆಗಳಲ್ಲಿ ಕೇಳುತ್ತಾರೆ. ಕುಣಿಮಗ್ಗದಲ್ಲಿ ಕಾಲು ತುಳಿಯುತ್ತಿತ್ತು, ಕೈ ಲಾಳಿ ಎಸೆಯುತ್ತಿತ್ತು, ಮೈಯೆಲ್ಲ ದುಡಿಯುತ್ತಿತ್ತು. ವಿದ್ಯುತ್ ಮಗ್ಗ ಬಂದ ಮೇಲೆ ನೇಕಾರನ ಪಾಲಿಗೆ ಉಳಿದದ್ದು ಗಂಟೆಗಟ್ಟಲೆ ನಿಲ್ಲುವುದು, ಬಾಗಿ ಹರಿದ ಎಳೆ ಕಟ್ಟುವುದು, ಕಂಡಿಕೆ ಬದಲಿಸುವುದು. ದಣಿವು ಬಹಳ, ಎದೆಬಡಿತ ಏರುವುದು ವಿರಳ. ಕಾಲು ಬಾಯುತ್ತವೆ, ಸೊಂಟ ಹಿಡಿಯುತ್ತದೆ, ಆದರೆ ಹೃದಯಕ್ಕೆ ಕಸರತ್ತಿಲ್ಲ. ದಣಿವೂ ವ್ಯಾಯಾಮವೂ ಒಂದೇ ಎಂದು ಭಾವಿಸಿಯೇ ನನ್ನ ತಮ್ಮ ತನಗೆ ತಾಕತ್ತಿದೆಯೆಂದು ನಂಬಿದ್ದ. ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟು, ಸೆಕೆಯ ಶೆಡ್ಡಿನಲ್ಲಿ ನೀರು ಸರಿಯಾಗಿ ಕುಡಿಯದೆ ನೇರವಾಗಿ ತೀವ್ರ ವ್ಯಾಯಾಮಕ್ಕೆ ಇಳಿಯುವುದು ಅಪಾಯ. ಅಂದು ಅವನು ಮಾಡಿದ್ದೂ ಅದನ್ನೇ.

ಅಳತೆ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಮಾತನಾಡಿ ನೋಡಬೇಕು. ಮಾತನಾಡಬಹುದು, ಹಾಡಲಾಗದು ಎಂದರೆ ಸಾಧಾರಣ ಶ್ರಮ. ನಾಲ್ಕು ಪದ ಆಡಿ ಉಸಿರು ತೆಗೆದುಕೊಳ್ಳಬೇಕಾದರೆ ತೀವ್ರ. ಒಂದು ಪದವೂ ಹೊರಡದಿದ್ದರೆ ಅತಿ. ಗುನ್ನಾರ್ ಬೋರ್ಗ್ ಎಂಬ ಸ್ವೀಡನ್ನಿನ ಮನಃಶಾಸ್ತ್ರಜ್ಞರು ಶ್ರಮಪಡುವವನ ಅನಿಸಿಕೆಯನ್ನೇ 6ರಿಂದ 20ರವರೆಗಿನ ಅಂಕಗಳಲ್ಲಿ ಅಳೆಯುವ ಕ್ರಮ ಹಾಕಿಕೊಟ್ಟರು. ಇಂದಿಗೂ ವೈದ್ಯರು ಅದನ್ನು ಬಳಸುತ್ತಾರೆ. ಉಸಿರು ಬಾಯಿಗೆ ಬಂದುದನ್ನು ಗುರುತಿಸು ಎಂದ ಸುಶ್ರುತನ ಮಾತಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಕೆಲವು ಎಚ್ಚರಿಕೆಗಳು. ರಕ್ತದೊತ್ತಡ ಇರುವವರು ಉಸಿರು ಬಿಗಿಹಿಡಿದು ಭಾರ ಎತ್ತಬಾರದು. ಬಲ ಹಾಕುವಾಗ ಉಸಿರು ಹೊರಬಿಡಬೇಕು. ಎದೆಯಲ್ಲಿ ಒತ್ತಿದಂತಾಗುವುದು, ಎಡತೋಳಿಗೋ ದವಡೆಗೋ ನೋವು ಹರಡುವುದು, ತಲೆ ಸುತ್ತಿ ಕಣ್ಣು ಕತ್ತಲೆ ಬರುವುದು, ಇವು ಕಂಡೊಡನೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಹೃದ್ರೋಗವಿದ್ದವರು, ಗರ್ಭಿಣಿಯರು, ಹೆರಿಗೆಯಾದ ಹೊಸತಿನವರು ವೈದ್ಯರನ್ನು ಕೇಳದೆ ಇಂಥ ಪಾಠಕ್ಕೆ ಕೈಹಾಕಬಾರದು. ಹೊಸ ವ್ಯಾಯಾಮದ ಮರುದಿನ, ಮೂರನೆಯ ದಿನ ಮೈಕೈ ನೋಯುವುದು ಸಹಜ. ಅದು ತಾನೇ ಇಳಿಯುತ್ತದೆ. ಆದರೆ ಸ್ನಾಯು ಬಾತು, ಬಲ ಉಡುಗಿ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಮನೆಯಲ್ಲಿ ಕೂಡಬಾರದು. ನೋವಿನ ಗುಳಿಗೆಯನ್ನೂ ತಾವೇ ನುಂಗಬಾರದು. ಅವುಗಳಲ್ಲಿ ಕೆಲವು ಬಳಲಿದ ಮೂತ್ರಪಿಂಡಕ್ಕೆ ಇನ್ನಷ್ಟು ಭಾರ.

ಇಷ್ಟೆಲ್ಲ ಹೇಳಿದರೂ ನಮ್ಮ ಮನೆಯಲ್ಲಿ ಅತ್ಯಂತ ಕಠಿಣವಾದದ್ದು ಬೇರೆಯೇ ಆಗಿತ್ತು. ತಮ್ಮನಿಗೆ ಕಟ್ಟೆಯ ಮೇಲೆ ಕೈಯಿಟ್ಟು ದಂಡ ಹೊಡೆಯಲು ನಾಚಿಕೆ. ಓಣಿಯಲ್ಲಿ ಹೋಗುವವರು ನೋಡಿ ನಕ್ಕಾರೆಂದು ಮೊದಲ ಎರಡು ವಾರ ರಾತ್ರಿ ಊಟಕ್ಕೆ ಮುಂಚೆ, ದೀಪ ಆರಿಸಿ ಮಾಡುತ್ತಿದ್ದ. ಕಡಿಮೆ ಅಳತೆ ಎಂದರೆ ಕಡಿಮೆ ಗಂಡಸುತನ ಎಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿದೆ ನೋಡಿ. ಅದನ್ನು ಬಿಡಿಸಿದವಳು ಅವ್ವ. ಒಂದು ಬೆಳಿಗ್ಗೆ ತಾನೇ ಹೊರಗೆ ಬಂದು, ಎಲ್ಲರೆದುರಿಗೆ ಕಟ್ಟೆಯ ಪಕ್ಕದ ಗೋಡೆಗೆ ಕೈಯೂರಿ ಐದು ಸಲ ನೂಕಿ, ಬಾಯಿಂದ ಎಣಿಸಿ, ಒಳಗೆ ಹೋದಳು. ಮರುದಿನದಿಂದ ತಮ್ಮ ಬೆಳಕಿನಲ್ಲಿಯೇ ಮಾಡತೊಡಗಿದ.

ಈಗ ಎಂಟು ತಿಂಗಳಾಗಿವೆ. ಅವನು ಕಟ್ಟೆಯಿಂದ ನೆಲಕ್ಕೆ ಇಳಿದಿದ್ದಾನೆ, ಸ್ಟೂಲು ತೆಗೆದಿದ್ದಾನೆ, ಆರು ಸುತ್ತಿಗೆ ಬಂದಿದ್ದಾನೆ. ಮೆಟ್ಟಿಲು ಹತ್ತುವಾಗ ಉಬ್ಬಸವಿಲ್ಲ. ಸರಳಿನ ತಂಟೆಗೆ ಇನ್ನೂ ಹೋಗಿಲ್ಲ. ಮೊನ್ನೆ ಸೋಮವಾರ ಆರನೆಯ ಸುತ್ತು ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಮಗ, "ಇನ್ನೆರಡು ಸುತ್ತು ಹೊಡಿ ಅಪ್ಪಾ, ನಿನಗ ಆಗ್ತದ" ಎಂದ.

"ಆಗ್ತದ" ಎಂದ ತಮ್ಮ. "ಮುಂದಿನ ವಾರ ಒಂದು ಹೊಡೀತೀನಿ." ಪಂಚೆಯನ್ನು ಕಂಬದಿಂದ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮಗ್ಗದ ಕಡೆ ನಡೆದ.